ಠಸ್ಸೆಯವರ ಸ್ವಂತ ವಿಳಾಸ

ಮೂವತ್ತು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಲಕೋಟೆಯನ್ನೂ ತಪ್ಪು ವಿಳಾಸಕ್ಕೆ ಕಳುಹಿಸದ ಮನುಷ್ಯನ ಮೇಲೆ, ಒಂದೇ ವಾರದಲ್ಲಿ ಇನ್ನೂರ ಹನ್ನೆರಡು ಲಕೋಟೆಗಳ ವಿಚಾರಣೆ ನಡೆಯಿತೆಂದರೆ ಯಾರೂ ನಂಬಲಾರರು. ಆದರೆ ನಡೆಯಿತು. ಅದಕ್ಕೆ ಕಾರಣ ಒಂದು ರಬ್ಬರಿನ ಠಸ್ಸೆ, ಒಂದು ಇಸ್ತ್ರಿ ಪೆಟ್ಟಿಗೆ ಮತ್ತು ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗು.

ಇಲಾಖೆಯ ರವಾನೆ ವಿಭಾಗದ ಹಿರಿಯ ಗುಮಾಸ್ತರನ್ನು ಎಲ್ಲರೂ ಕರೆಯುತ್ತಿದ್ದುದೇ ಠಸ್ಸೆಯವರು ಎಂದು. ಕಚೇರಿಯಿಂದ ಹೊರಗೆ ಹೋಗುವ ಪ್ರತಿಯೊಂದು ಲಕೋಟೆಯೂ ಅವರ ಮೇಜಿನ ಮೇಲೆ ಮಲಗಿ, ಅವರ ಕೈಯಿಂದ ಒಂದು ಏಟು ತಿಂದೇ ಮುಂದಕ್ಕೆ ಹೋಗಬೇಕು. ಒಳಗೆ ಬರೆದಿರುವುದು ಯಾರದೋ, ಸಹಿ ಇನ್ನಾರದೋ. ಏಟು ಮಾತ್ರ ಅವರದು. ಅವರ ಹೆಸರಿನಲ್ಲಿ ಒಂದು ಕಾಗದವೂ ಆ ಕಚೇರಿಯಿಂದ ಹೊರಬಿದ್ದಿರಲಿಲ್ಲ.

ಹೀಗಿರುವಾಗ ಇಲಾಖೆ ಒಂದು ಆದೇಶ ಹೊರಡಿಸಿತು. ಐವತ್ತು ದಾಟಿದ ಸಿಬ್ಬಂದಿಯೆಲ್ಲ ಸಾಫ್ಟ್‌ವೇರ್ ತರಬೇತಿ ಪಡೆಯತಕ್ಕದ್ದು. ಗುರುವಾರದ ಪರೀಕ್ಷೆಯಲ್ಲಿ ತಮ್ಮ ಸ್ವಂತ ಯಂತ್ರದಲ್ಲಿ ಒಂದು ಸರ್ವರ್ ನಡೆಸಿ, ತಾವೇ ಬರೆದ ಒಂದು ಪುಟವನ್ನು ತೋರಿಸತಕ್ಕದ್ದು. ತೋರಿಸಲಾಗದವರನ್ನು ಹಳೆಯ ಕಡತಗಳ ನೆಲಮಾಳಿಗೆಗೆ ವರ್ಗಾಯಿಸಲಾಗುವುದು.

ನೆಲಮಾಳಿಗೆಯೆಂದರೆ ಏನೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಹಿಂದೆ ಹೋದ ಒಬ್ಬ ಗುಮಾಸ್ತರು ಮಧ್ಯಾಹ್ನ ಊಟಕ್ಕೆ ಮೇಲೆ ಬಂದಾಗ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, "ಈಗ ಯಾವ ತಿಂಗಳು?" ಎಂದು ವಿಚಾರಿಸುತ್ತಿದ್ದರು.

ತರಬೇತಿ ಕೊಡುತ್ತಿದ್ದ ಮೇಡಂ ಚಿಕ್ಕ ವಯಸ್ಸಿನವರು, ಸಹನೆಯುಳ್ಳವರು. "ಸರ್ವರ್ ಅಂದ್ರೆ ಕೇಳಿದವರಿಗೆ ಪುಟ ತಂದುಕೊಡೋ ಆಳು ಅಂದ್ಕೊಳ್ಳಿ ಸರ್. ಅದನ್ನ ಎಬ್ಬಿಸೋಕೆ ಈ ಕಪ್ಪು ಕಿಟಕಿಯಲ್ಲಿ ಒಂದು ಕಮಾಂಡ್ ಕೊಡಬೇಕು. ಅಷ್ಟೆ" ಎಂದರು. ಅನಂತರ ಆ ಪುಟ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂಬುದನ್ನೂ ಹತ್ತು ನಿಮಿಷ ವಿವರಿಸಿದರು. ಆ ಹತ್ತು ನಿಮಿಷ ಠಸ್ಸೆಯವರು ಕಮಾಂಡನ್ನು ಅಂದವಾದ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದರು. ಈ ಕಥೆಯ ಸಕಲ ಅನರ್ಥವೂ ಆ ಹತ್ತು ನಿಮಿಷದಲ್ಲಿ ಹುಟ್ಟಿತು.

*

ಭಾನುವಾರ ಬೆಳಗ್ಗೆ, ಮೂರನೆಯ ಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಅವರು ಕಂಪ್ಯೂಟರ್ ಹೂಡಿದರು. ಹೂಡಿದ ಮೇಜು ಹೆಂಡತಿಯದು. ಆಕೆ ಶಾಲೆಯ ಮಕ್ಕಳಿಗೆ ಅಂಗಿ ಹೊಲಿದುಕೊಡುವಾಕೆ. ಕತ್ತರಿ, ಅಳತೆಯ ಪಟ್ಟಿ, ಸೀಮೆಸುಣ್ಣ ಎಲ್ಲವೂ ನೆಲಕ್ಕಿಳಿದವು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು, ಅದೇ ಜಾಗಕ್ಕೆ ಕಂಪ್ಯೂಟರಿನದನ್ನು ಸಿಕ್ಕಿಸಲಾಯಿತು.

"ರೀ, ಬುಧವಾರಕ್ಕೆ ಹನ್ನೆರಡು ಅಂಗಿ ಕೊಡಬೇಕು ನಾನು."

"ಗುರುವಾರಕ್ಕೆ ನಾನು ಸರ್ವರ್ ಕೊಡಬೇಕು ಕಣೇ."

"ನಿಮ್ಮ ಸರ್ವರ್‌ಗೆ ಗುಂಡಿ ಹಾಕ್ತಾರಾ ಯಾರಾದ್ರೂ?"

ಠಸ್ಸೆಯವರು ಆಗಲೇ ಯಂತ್ರದ ಕಡೆಗೆ ತಿರುಗಿದ್ದರು. ಮೂವತ್ತು ವರ್ಷಗಳ ಅಭ್ಯಾಸ ಬಿಡಲಾದೀತೇ? ಒಂದು ಹೊಸ ರಿಜಿಸ್ಟರ್ ತೆರೆದು, ಗೆರೆ ಎಳೆದು, ಯಂತ್ರಕ್ಕೆ ತಾವು ಕೊಟ್ಟ ಪ್ರತಿಯೊಂದು ಕಮಾಂಡನ್ನೂ ಕ್ರಮಸಂಖ್ಯೆ ಹಾಕಿ ನಮೂದಿಸತೊಡಗಿದರು. ಒಂದನೆಯ ಕಮಾಂಡಿಗೆ ಯಂತ್ರ ಕೆಂಪು ಅಕ್ಷರಗಳಲ್ಲಿ ಗುರುಗುಟ್ಟಿತು. ನಾಲ್ಕನೆಯದರ ಕೊನೆಗೆ, ಬರೆದದ್ದೇನೇ ಆದರೂ ಮುಗಿಸಬೇಕಲ್ಲ ಎಂದು, ಒಂದು ಪೂರ್ಣವಿರಾಮ ಇಟ್ಟರು. ಏಳನೆಯದನ್ನು "ಮಾನ್ಯರೇ" ಎಂದು ಆರಂಭಿಸಿದರು. ಹನ್ನೆರಡನೆಯದು ಒಂದು ನೆನಪೋಲೆ. ಹಿಂದಿನ ಹನ್ನೊಂದಕ್ಕೂ ಸಮರ್ಪಕ ಉತ್ತರ ಬಂದಿಲ್ಲವೆಂದು ಯಂತ್ರದ ಗಮನಕ್ಕೆ ತರುವಂಥದು. ಯಂತ್ರ ಅದಕ್ಕೂ ಬಗ್ಗಲಿಲ್ಲ.

ಹತ್ತೊಂಬತ್ತನೆಯದಕ್ಕೆ ಬಗ್ಗಿತು. ಪುಟವನ್ನಿಟ್ಟಿದ್ದ ಫೋಲ್ಡರಿನೊಳಗೆ ಮೊದಲು ಹೊಕ್ಕು, ಆಮೇಲೆ ಕಮಾಂಡ್ ಕೊಟ್ಟು, ಮೇಡಂ ಹೇಳಿದ್ದ ಸಂಖ್ಯೆಗಳನ್ನು ಬ್ರೌಸರಿನ ಪಟ್ಟಿಯಲ್ಲಿ ಹಾಕಿದಾಗ, ಬಿಳಿಯ ತೆರೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅವರೇ ಬರೆದ ಸಾಲು ಮೂಡಿತು. ಆ ಸಾಲು ಏನೆಂಬುದನ್ನು ಅದರ ಕಾಲ ಬಂದಾಗ ನೋಡೋಣ. ಈಗ ಇಷ್ಟು ಸಾಕು: ಠಸ್ಸೆಯವರು ಎದ್ದು ನಿಂತರು. ತಮ್ಮ ಪುಟದ ಮುಂದೆ ತಾವೇ ಎದ್ದು ನಿಂತರು.

"ಏನ್ ಭಾವ, ಬಂತಾ?" ಎನ್ನುತ್ತ ಹೆಂಡತಿಯ ತಮ್ಮ ಒಳಗೆ ಬಂದ. ಮಿಕ್ಸಿ, ಫ್ಯಾನು ಮಾರುವ ಅಂಗಡಿಯವನು. ಪ್ರಪಂಚದ ಯಾವುದೇ ಯಂತ್ರದ ವಿಷಯದಲ್ಲೂ ತನ್ನದೇ ಕೊನೆಯ ಮಾತೆಂದು ನಂಬಿದವನು.

"ಬಂತು. ಈಗ ಇದು ಇಡೀ ಪ್ರಪಂಚಕ್ಕೆ ಕಾಣ್ತಾ ಇದೆ" ಎಂದರು ಠಸ್ಸೆಯವರು.

ಭಾವಮೈದ ತನ್ನ ಫೋನು ತೆಗೆದು ಆ ಸಂಖ್ಯೆಗಳನ್ನು ಒತ್ತಿ ನೋಡಿದ. "ಪ್ರಪಂಚದಲ್ಲಿ ನಾನೂ ಇದೀನಿ ಭಾವ. ನನಗೇನೂ ಕಾಣಲ್ಲ."

"ನಿನ್ನ ಫೋನು ಹಳೇದು."

"ಹೋದ ತಿಂಗಳು ತಗೊಂಡಿದ್ದು!"

"ತಿಂಗಳಾಯ್ತಲ್ಲ."

ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರಿಗೂ ಕಾಣಲಿಲ್ಲ. ಅವರ ಕನ್ನಡಕ ಸರಿಯಿಲ್ಲವೆಂದು ತೀರ್ಮಾನವಾಯಿತು. ಎದುರು ಮನೆಯ ನರ್ಸಮ್ಮನಿಗೂ ಕಾಣಲಿಲ್ಲ. ಆಕೆಗೆ ಶ್ರದ್ಧೆ ಸಾಲದು. ಠಸ್ಸೆಯವರ ವಾದ ನೇರವಾಗಿತ್ತು. ವಿಳಾಸ ಸರಿಯಿದ್ದರೆ ಕಾಗದ ತಲುಪಲೇಬೇಕು. ಈ ಊರಿನಿಂದ ಬರೆದರೂ ಆ ಊರಿನಿಂದ ಬರೆದರೂ ಒಂದು ವಿಳಾಸ ಒಂದೇ ಮನೆ. ಮೂವತ್ತು ವರ್ಷ ಇದೇ ನೆಲದ ಮೇಲೆ ನಿಂತವರನ್ನು ಒಂದು ಫೋನು ಅಲುಗಾಡಿಸೀತೇ?

"ಸರಿ ಬಿಡಿ, ನೀವೊಬ್ಬರೇ ನೋಡ್ಕೊಂಡು ಕೂತಿರಿ" ಎಂದು ಭಾವಮೈದ ನಕ್ಕ. "ಪ್ರಪಂಚಕ್ಕೆ ಹೇಳಿ ಕಳಿಸೋಣ್ವಾ?"

ತಮಾಷೆಗೆ ಆಡಿದ ಮಾತು. ಆದರೆ ಕೇಳಿಸಿಕೊಂಡವರು ರವಾನೆ ವಿಭಾಗದವರು. ಹೇಳಿ ಕಳಿಸುವುದೇ ಅವರ ಕಸುಬು.

*

ಸೋಮವಾರ ಬೆಳಗ್ಗೆ ಅವರು ಮಾಮೂಲಿ ಅಂಗಡಿಯಲ್ಲಿ ಹೊಸ ಠಸ್ಸೆಯೊಂದನ್ನು ಮಾಡಿಸಿದರು. ನೋಡಿರಿ: 127.0.0.1:8000. ಸೋಮವಾರ ಮತ್ತು ಮಂಗಳವಾರ ಇಲಾಖೆಯಿಂದ ಹೊರಟ ಇನ್ನೂರ ಹನ್ನೆರಡು ಲಕೋಟೆಗಳು ಎರಡೆರಡು ಏಟು ತಿಂದವು. ಇಲಾಖೆಯ ಗುಮಾಸ್ತನೊಬ್ಬ ಪುಟ ತೆರೆದರೆ ಅದು ಇಲಾಖೆಗೇ ಹೆಮ್ಮೆಯಲ್ಲವೇ ಎಂಬುದು ಅವರ ಸಮರ್ಥನೆ.

ಮನೆಯಲ್ಲಿ ಕಂಪ್ಯೂಟರ್ ಆರಲಿಲ್ಲ. "ಊರೆಲ್ಲ ನೋಡ್ತಾ ಇರುವಾಗ ಬಾಗಿಲು ಹಾಕೋಕಾಗತ್ತಾ?" ಎಂದು ಪಟ್ಟು ಹಿಡಿದರು. ಪ್ಲಗ್ಗಿಲ್ಲದೆ ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕುಳಿತಿತು. ಹನ್ನೆರಡು ಅಂಗಿಗಳು ಮುದುಡಿ ರಾಶಿ ಬಿದ್ದವು. ಠಸ್ಸೆಯವರ ಅಂಗಿಯೂ ಹದಿಮೂರನೆಯದಾಗಿ ಮುದುಡಿತು.

"ಈ ಪ್ಲಗ್ಗು ನನ್ನ ಹೊಟ್ಟೆಪಾಡು, ತಿಳ್ಕೊಳ್ಳಿ" ಎಂದಳು ಹೆಂಡತಿ. ಮೆಲ್ಲಗೆ ಹೇಳಿದಳು. ಆಕೆ ಮೆಲ್ಲಗೆ ಹೇಳಿದ ಮಾತಿಗೆ ಬೆಲೆ ಕೊಡದೆ ಉಳಿದವರು ಆ ಮನೆಯಲ್ಲಿ ಇರಲಿಲ್ಲ. ಅಂದು ಮಾತ್ರ ಠಸ್ಸೆಯವರು ಬೆಲೆ ಕೊಡಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ, ಆ ಇನ್ನೂರ ಹನ್ನೆರಡರಲ್ಲಿ ಒಂದು ಲಕೋಟೆ ಪಕ್ಕದ ಕಟ್ಟಡಕ್ಕೆ, ಇಲಾಖೆಯ ಕಂಪ್ಯೂಟರ್ ಮೇಲ್ವಿಚಾರಕರ ಮೇಜಿಗೆ ಬಂದು ಬಿತ್ತು. ಈ ಮೇಲ್ವಿಚಾರಕರು ಹಿರಿತನದಿಂದ ಆ ಕುರ್ಚಿಗೆ ಏರಿದವರು; ಕಂಪ್ಯೂಟರಿಗೂ ಅವರಿಗೂ ಇದ್ದ ಸಂಬಂಧ, ಬಸ್ಸಿಗೂ ಅದರ ಮೇಲೆ ಕುಳಿತ ಕಾಗೆಗೂ ಇರುವಷ್ಟು. ಕುತೂಹಲಕ್ಕೆ ಆ ಸಂಖ್ಯೆಗಳನ್ನು ತಮ್ಮ ಯಂತ್ರದಲ್ಲಿ ಒತ್ತಿದರು.

ತೆರೆಯ ಮೇಲೆ ಇಲಾಖೆಯ ನಿರ್ದೇಶಕರ ನಗುಮುಖ ಮೂಡಿತು.

ಮೇಲ್ವಿಚಾರಕರ ಕೈಯಲ್ಲಿದ್ದ ಚಹಾದ ಲೋಟ ನೆಲ ಸೇರಿತು. ಏಕೆಂದರೆ ಅದು ಇಲಾಖೆಯ ಹೊಚ್ಚಹೊಸ ಜಾಲತಾಣ! ಮುಂದಿನ ಸೋಮವಾರ ಭಾರೀ ಸಮಾರಂಭದಲ್ಲಿ ಅನಾವರಣಗೊಳ್ಳಬೇಕಾದದ್ದು. ಅಲ್ಲಿಯ ತನಕ ನರಪಿಳ್ಳೆಗೂ ತಿಳಿಯಬಾರದೆಂದು ನಿರ್ದೇಶಕರು ಆಣೆ ಮಾಡಿಸಿಕೊಂಡಿದ್ದದ್ದು. ಅದು ಒಬ್ಬ ರವಾನೆ ಗುಮಾಸ್ತನ ಕೈಗೆ ಹೇಗೆ ಸಿಕ್ಕಿತು?

ಅವರು ನಿರ್ದೇಶಕರ ಕೋಣೆಗೆ ಓಡಿದರು. ನಿರ್ದೇಶಕರು ತಮ್ಮ ಯಂತ್ರದಲ್ಲಿ ಅದೇ ವಿಳಾಸ ಒತ್ತಿದರು. ಏನೂ ಬರಲಿಲ್ಲ.

"ಎಲ್ಲಿದೆ ರೀ?"

"ಸರ್, ನನ್ನಲ್ಲಿ ಕಾಣುತ್ತೆ. ತಮ್ಮಲ್ಲಿ ಕಾಣಲ್ಲ!"

ನಿರ್ದೇಶಕರು ಗಂಭೀರವಾಗಿ ಆಲೋಚಿಸಿದರು. "ಅಂದ್ರೆ ಎಲ್ಲರಿಗೂ ತೋರಿಸಿ, ನನ್ನೊಬ್ಬನಿಗೆ ಮಾತ್ರ ಮುಚ್ಚಿಟ್ಟಿದಾನೆ. ಎಷ್ಟು ಕೊಬ್ಬು!"

ಸಂಜೆಯೊಳಗೆ ಠಸ್ಸೆಯವರ ಕೈಗೆ ನೋಟೀಸು ಬಂತು. ಅದನ್ನು ಬಂದ ಕಾಗದಗಳ ಆವಕ ರಿಜಿಸ್ಟರಿನಲ್ಲಿ ನಮೂದಿಸಿದವರೂ ಅವರೇ.

*

ಗುರುವಾರ ಬೆಳಗ್ಗೆ ಪರೀಕ್ಷೆ ನಡೆಯಬೇಕಾಗಿದ್ದ ಕೋಣೆಯಲ್ಲೇ ವಿಚಾರಣೆ ಕೂಡಿತು. ನಿರ್ದೇಶಕರು ನಡುವೆ, ಮೇಲ್ವಿಚಾರಕರು ಬಲಕ್ಕೆ. ಕಳ್ಳನಿಗೆ ವಿದ್ಯೆ ಕಲಿಸಿದವರೆಂಬ ಕಾರಣಕ್ಕೆ ತರಬೇತಿಯ ಮೇಡಂ ಅವರನ್ನೂ ಕರೆಸಿ ಒಂದು ಬದಿಗೆ ಕೂರಿಸಿದ್ದರು. ಮೇಜಿನ ಮೇಲೆ, ಬಿಳಿಯ ಕಾಗದದಲ್ಲಿ ಸುತ್ತಿದ ಸಾಕ್ಷ್ಯವಾಗಿ, ಆ ರಬ್ಬರಿನ ಠಸ್ಸೆ. ಎದುರಿಗೆ, ಸುಕ್ಕುಗಟ್ಟಿದ ಅಂಗಿಯಲ್ಲಿ ಅದರ ಒಡೆಯರು.

"ಇಲಾಖೆಯ ಜಾಲತಾಣ ಕದ್ದು, ಅದರ ವಿಳಾಸಾನ ಇಲಾಖೆಯ ಲಕೋಟೆ ಮೇಲೇ ಒತ್ತಿ ಊರಿಗೆಲ್ಲ ಹಂಚಿದೀರಿ. ಒಪ್ಕೋತೀರಾ?" ಎಂದರು ನಿರ್ದೇಶಕರು.

"ಒತ್ತಿದ್ದು ಒಪ್ಕೋತೀನಿ ಸರ್. ಕದ್ದಿದ್ದು ಒಪ್ಪಲ್ಲ. ಅದು ನನ್ನ ಪುಟ."

"ನಿಮ್ಮ ಪುಟದಲ್ಲಿ ನನ್ನ ಫೋಟೋ ಯಾಕಿದೆ?"

"ನನ್ನ ಪುಟದಲ್ಲಿ ತಮ್ಮ ಫೋಟೋ ಹಾಕುವಂಥ ಅವಶ್ಯಕತೆ ನನಗೇನಿದೆ ಸರ್?"

ಮೇಲ್ವಿಚಾರಕರು ತಮ್ಮ ಯಂತ್ರವನ್ನು ಪಕ್ಕದ ಕಟ್ಟಡದಿಂದ ಹೊತ್ತು ತಂದಿದ್ದರು. ಅದನ್ನು ಮುಂದೆ ತಳ್ಳಿ, "ನೋಡ್ರೀ, ನೀವೇ ನೋಡಿ!" ಎಂದರು. ನಿರ್ದೇಶಕರು ಅಲ್ಲಿ ನಗುತ್ತಿದ್ದರು. ಠಸ್ಸೆಯವರು ತಾವೇ ಎದ್ದು ಹೋಗಿ ಒತ್ತಿ ನೋಡಿದರು. ಕೋಣೆಯ ಇನ್ನೊಂದು ಯಂತ್ರದಲ್ಲಿ ಒತ್ತಿದರೆ ಖಾಲಿ. ಮತ್ತೊಂದರಲ್ಲಿ ಒತ್ತಿದರೆ ಖಾಲಿ. ಒಂದೇ ವಿಳಾಸ, ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ಶೂನ್ಯ, ತಮ್ಮ ಪುಟ ಮಾತ್ರ ಎಲ್ಲೂ ಇಲ್ಲ.

"ಸುಮ್ಮನೆ ಒಂದು ಕ್ಷಮಾಪಣೆ ಪತ್ರ ಬರ್ಕೊಟ್ಟುಬಿಡಿ" ಎಂದು ಮೇಲ್ವಿಚಾರಕರು ಪೆನ್ನು ಚಾಚಿದರು. "ಸಾಹೇಬ್ರು ದೊಡ್ಡ ಮನಸ್ಸಿನವರು."

ಪೆನ್ನು ಕೈಗೆ ಬಂದಿತ್ತು. ಠಸ್ಸೆಯವರು ಅದನ್ನು ಮುಚ್ಚಳ ಹಾಕಿ ಹಿಂದಿರುಗಿಸಿದರು. "ವಿಳಾಸ ತಪ್ಪಿಲ್ಲ. ನನ್ನ ಪುಟ ನನ್ನ ಮನೇಲಿದೆ. ಬನ್ನಿ, ತೋರಿಸ್ತೀನಿ."

ಮೇಡಂ ಇಷ್ಟು ಹೊತ್ತೂ ತುಟಿ ಕಚ್ಚಿಕೊಂಡು ಕುಳಿತಿದ್ದರು. ಈಗ ಎದ್ದು ನಿಂತು, "ಸರ್, ಕಾರಣ ನನಗೆ ಗೊತ್ತು. ಆದ್ರೆ ಬಾಯಲ್ಲಿ ಹೇಳಿದ್ರೆ ಇಲ್ಲಿ ಯಾರೂ ನಂಬಲ್ಲ. ಇವರ ಮನೆಗೇ ಹೋಗೋಣ. ಅಲ್ಲಿ ಇವರ ಪುಟ ಕಂಡ್ರೆ ಇವರು ಕದ್ದಿಲ್ಲ ಅಂತ ತಿಳಿಯುತ್ತೆ, ನನ್ನ ಪರೀಕ್ಷೇನೂ ಮುಗಿಯುತ್ತೆ" ಎಂದರು.

"ಕಾಣದಿದ್ರೆ?"

ಮೇಡಂ ಉತ್ತರಿಸುವ ಮೊದಲೇ ಠಸ್ಸೆಯವರು ಹೇಳಿದರು: "ಕಾಣದಿದ್ರೆ ಇವತ್ತೇ ನೆಲಮಾಳಿಗೆಗೆ ಇಳೀತೀನಿ ಸರ್. ಟಾರ್ಚ್ ಕೂಡ ಕೇಳಲ್ಲ."

*

ಮೂರು ಮಹಡಿ ಹತ್ತುವಷ್ಟರಲ್ಲಿ ನಿರ್ದೇಶಕರು ಎರಡು ಕಡೆ ನಿಂತು ಸುಧಾರಿಸಿಕೊಂಡರು. ಡ್ರಿಲ್ ಮೇಷ್ಟ್ರು ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡಿ, "ಬಂದ್ರು, ಹಿಡ್ಕೊಂಡು ಹೋಗೋಕೆ ಬಂದ್ರು!" ಎಂದು ಇಡೀ ಕಟ್ಟಡಕ್ಕೆ ಸಾರಿದರು. ನರ್ಸಮ್ಮ ಬಾಗಿಲು ತೆರೆದರು. ಭಾವಮೈದ ಅಂಗಡಿ ಬಿಟ್ಟು ಓಡಿಬಂದ.

ಠಸ್ಸೆಯವರು ಮನೆಯ ಬಾಗಿಲು ತಳ್ಳಿದರು. ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು.

ಮೇಜಿನ ಮೇಲೆ ಹನ್ನೊಂದು ಅಂಗಿಗಳು ಗರಿಗರಿಯಾಗಿ ಮಡಚಿ ಕುಳಿತಿದ್ದವು. ಹನ್ನೆರಡನೆಯದರ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಸರಾಗವಾಗಿ ಓಡಾಡುತ್ತಿತ್ತು. ಪ್ಲಗ್ಗು ಅದರದಾಗಿತ್ತು. ಕಂಪ್ಯೂಟರಿನ ತೆರೆ ಕಾಡಿಗೆಯಂತೆ ಕಪ್ಪಗಿತ್ತು.

"ಏನೇ ಮಾಡಿದೆ!"

"ಇಸ್ತ್ರಿ" ಎಂದಳು ಹೆಂಡತಿ, ತಲೆ ಎತ್ತದೆ. "ನಿನ್ನೆ ಕೊಡಬೇಕಿತ್ತು. ಶಾಲೆಯವರು ಎರಡು ಸಲ ಫೋನ್ ಮಾಡಿದ್ರು." ಆಮೇಲೆ ತಲೆ ಎತ್ತಿ, ಬಾಗಿಲಲ್ಲಿ ಒಂದು ಇಲಾಖೆಯೇ ನಿಂತಿರುವುದನ್ನು ಕಂಡು, "ಕೂತ್ಕೊಳ್ಳಿ ಸರ್, ಅಂಗಿ ಮೇಲೆ ಮಾತ್ರ ಕೂರ್ಬೇಡಿ" ಎಂದಳು.

"ಎಲ್ರೀ ಪುಟ?" ಎಂದರು ಮೇಲ್ವಿಚಾರಕರು. ಅವರ ಸ್ವರದಲ್ಲಿ ಬೆಳಗಿನಿಂದ ಕಾಣದ ಜೀವಕಳೆ ಕಂಡಿತು.

ಸರ್ವರ್ ಸತ್ತಿತ್ತು. ಅದನ್ನು ಮತ್ತೆ ಎಬ್ಬಿಸಬೇಕು. ಎಬ್ಬಿಸಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಹದಿನೆಂಟು ಸಲ ಸೋತ ಮೇಲೆ. ಠಸ್ಸೆಯವರು ಹೆಂಡತಿಯ ಮುಖ ನೋಡಿದರು. ಆಕೆ ಕೊನೆಯ ಅಂಗಿಯ ತೋಳನ್ನು ಮುಗಿಸಿ, ಪ್ಲಗ್ಗನ್ನು ತಾನೇ ಕಿತ್ತು, ಕಂಪ್ಯೂಟರಿನದನ್ನು ಸಿಕ್ಕಿಸಿ, "ನನ್ನದಾಯ್ತು. ಈಗ ನಿಮ್ಮದು. ಹೆದರ್ಕೋಬೇಡಿ" ಎಂದಳು.

ಅವರು ರಿಜಿಸ್ಟರ್ ಎಳೆದುಕೊಂಡರು. ಹತ್ತೊಂಬತ್ತನೆಯ ನಮೂದು. ಮೊದಲು ಫೋಲ್ಡರಿನೊಳಗೆ ಹೋಗುವುದು. ಹೋದರು. ಆಮೇಲೆ ಕಮಾಂಡ್. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕೊನೆಯಲ್ಲಿ ಒಂದು ಸಂಖ್ಯೆ ಹಾಕಬೇಕಿತ್ತು. ಆ ಜಾಗದಲ್ಲಿ, ರಿಜಿಸ್ಟರಿನ ಮೇಲೆ, ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಒಂದು ಕಂದು ಕಲೆ ಕುಳಿತಿತ್ತು.

"ಬಿಸಿ ಪೆಟ್ಟಿಗೆ ಇಡೋಕೆ ಏನೋ ದಪ್ಪಗೆ ಬೇಕಿತ್ತು" ಎಂದಳು ಹೆಂಡತಿ, ಈ ಸಲ ಸ್ವಲ್ಪ ಅಳುಕಿ.

ಎಲ್ಲರೂ ಆ ಕಲೆಯ ಮೇಲೆ ಬಗ್ಗಿ ನೋಡಿದರು. ಇನ್ನೂರ ಹನ್ನೆರಡು ಸಲ ಒತ್ತಿದ ಸಂಖ್ಯೆ ನೆನಪಿಲ್ಲವೇ ಎಂದು ಓದುಗರು ಕೇಳಬಹುದು. ಮೂವತ್ತು ವರ್ಷ ಠಸ್ಸೆ ಒತ್ತಿದವರು, ಒತ್ತಿದ್ದನ್ನು ಓದುವ ಅಭ್ಯಾಸವನ್ನು ಮೊದಲ ತಿಂಗಳಲ್ಲೇ ಬಿಟ್ಟಿರುತ್ತಾರೆ.

"ಏಳು ಸಾವಿರ ಇರ್ಬೇಕು ಭಾವ!" ಎಂದ ಭಾವಮೈದ.

"ನೀನು ಸುಮ್ಮನಿರು."

"ಹಾಗಾದ್ರೆ ಆಯ್ತಲ್ಲ" ಎಂದು ನಿರ್ದೇಶಕರು ಕುರ್ಚಿಯಿಂದ ಏಳತೊಡಗಿದರು. ಮೇಡಂ ಬಾಯಿ ತೆರೆದು ಮುಚ್ಚಿಕೊಂಡರು, ಪರೀಕ್ಷೆಯಲ್ಲಿ ಹೇಳಿಕೊಡುವಂತಿಲ್ಲ.

ಆಗ ಠಸ್ಸೆಯವರ ಕಣ್ಣು ಮೇಲ್ವಿಚಾರಕರ ಕೈಯಲ್ಲಿದ್ದ ಬಿಳಿಯ ಪೊಟ್ಟಣದ ಮೇಲೆ ಬಿತ್ತು.

"ಸಾಕ್ಷ್ಯ ಒಂದ್ನಿಮಿಷ ಕೊಡಿ."

"ಯಾಕೆ?"

"ನನ್ನ ಮೇಲಿನ ಆರೋಪಾನ ನಾನು ಓದಬೇಡವಾ?"

ಪೊಟ್ಟಣ ಬಿಚ್ಚಿ, ಠಸ್ಸೆಯನ್ನು ತಮ್ಮ ಎಡಗೈಯ ಅಂಗೈಗೆ ಒಂದು ಏಟು ಒತ್ತಿದರು. ಮೂವತ್ತು ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ ತಾವು ಒತ್ತಿದ್ದನ್ನು ತಾವೇ ಓದಿದರು. ಎಂಟು ಸಾವಿರ! ಸಂಖ್ಯೆ ಹಾಕಿದರು. ಬೆರಳು ಪೂರ್ಣವಿರಾಮದ ಕಡೆಗೆ ತಾನಾಗಿ ಓಡಿತು. ಅದನ್ನು ಹಿಡಿದು ಹಿಂದಕ್ಕೆಳೆದರು. ಒತ್ತಿದರು.

ಕೆಂಪು ಅಕ್ಷರ ಬರಲಿಲ್ಲ. ಅಂಗೈಯಲ್ಲಿದ್ದ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರು. ಬಿಳಿಯ ತೆರೆ ಮೂಡಿತು. ಅದರ ಮೇಲೆ ದಪ್ಪ ಅಕ್ಷರಗಳ ಸಾಲು. ನಿರ್ದೇಶಕರು ಕನ್ನಡಕ ಏರಿಸಿಕೊಂಡು, ಗಟ್ಟಿಯಾಗಿ ಓದಿದರು:

"ಈ ಪುಟ ನನ್ನದು. ಇದಕ್ಕೆ ಯಾರ ಸಹಿಯೂ ಬೇಕಿಲ್ಲ."

ಮೆಟ್ಟಿಲ ಮೇಲಿಂದ ಡ್ರಿಲ್ ಮೇಷ್ಟ್ರು ಚಪ್ಪಾಳೆ ತಟ್ಟಿದರು.

"ಪಾಸ್" ಎಂದರು ಮೇಡಂ. ನಿರ್ದೇಶಕರ ಕಡೆಗೆ ತಿರುಗಿ ಹೇಳಿದರು: "ಸರ್, ಈ ವಿಳಾಸದ ಅರ್ಥ ಇಷ್ಟೇ. ಯಾರು ಒತ್ತುತ್ತಾರೋ ಅವರ ಮುಂದಿರೋ ಯಂತ್ರ. ಇವರು ಒತ್ತಿದ್ರೆ ಇವರದ್ದು, ನೀವು ಒತ್ತಿದ್ರೆ ನಿಮ್ಮದು. ಬೇರೆಯವರಿಗೆ ಇದು ಕಾಣಬಾರದು, ಅದೇ ಪಾಠ. ಕಂಡಿದ್ರೆ ಇವರು ಫೇಲು."

"ಅಂದ್ರೆ... ಮೇಲ್ವಿಚಾರಕರ ಯಂತ್ರದಲ್ಲಿ ಕಂಡದ್ದು?"

"ಮೇಲ್ವಿಚಾರಕರ ಯಂತ್ರದಲ್ಲಿ ಇದ್ದದ್ದು ಸರ್. ಜಾಲತಾಣ ಮಾಡಿದ ಗುತ್ತಿಗೆಯವರು ಪ್ರಯೋಗಕ್ಕೆ ಅಂತ ಇಟ್ಟಿರ್ತಾರೆ. ಯಾರೂ ಕದ್ದಿಲ್ಲ. ಅವರ ಮನೆ ಬಾಗಿಲು ಅವರೇ ತಟ್ಟಿ, ಒಳಗೆ ಯಾರೋ ಇದಾರೆ ಅಂತ ಕೂಗಿಕೊಂಡಿದಾರೆ."

ಎಲ್ಲರೂ ಮೇಲ್ವಿಚಾರಕರನ್ನು ನೋಡಿದರು. ಮೇಲ್ವಿಚಾರಕರು ಹನ್ನೆರಡನೆಯ ಅಂಗಿಯ ಗುಂಡಿಗಳನ್ನು ಎಣಿಸುತ್ತಿದ್ದರು.

ಠಸ್ಸೆಯವರ ಮುಖ ಮಾತ್ರ ಅರೆಗಳಿಗೆ ಸಪ್ಪಗಾಯಿತು. ಭಾವಮೈದ ಆ ಅವಕಾಶ ಬಿಟ್ಟಾನೆಯೇ? "ಹಾಗಾದ್ರೆ ನನ್ನ ಫೋನು ಸರಿಯಾಗೇ ಇತ್ತು ಭಾವ! ಇನ್ನೂರ ಹನ್ನೆರಡು ಜನಕ್ಕೆ ಅವರವರ ಮನೆ ವಿಳಾಸಾನೇ ಕಳಿಸಿದ್ರಲ್ಲ!"

"ಕಳಿಸಿದೆ" ಎಂದರು ಠಸ್ಸೆಯವರು, ಬೆನ್ನು ನೆಟ್ಟಗೆ ಮಾಡಿ. "ಒಬ್ಬರಿಗಾದ್ರೂ ತಪ್ಪಿ ಹೋಯ್ತಾ?"

ನಿರ್ದೇಶಕರು ಇನ್ನೂ ತೆರೆಯನ್ನೇ ನೋಡುತ್ತಿದ್ದರು. "ಪಾಸಾದ್ರಿ, ಸರಿ. ನೆಲಮಾಳಿಗೆ ಇಲ್ಲ, ಅದೂ ಸರಿ. ಆದ್ರೆ ಈ ಎರಡನೇ ಸಾಲು... ಸಹಿ ಬೇಕಿಲ್ಲ ಅನ್ನೋದು... ಇಲಾಖೆಯ ನೌಕರರಿಗೆ ಶೋಭಿಸಲ್ಲ. ಅಳಿಸಿಬಿಡಿ."

"ಅಳಿಸಲ್ಲ ಸರ್."

"ಏನಂದ್ರಿ?"

"ಮನೆ ನನ್ನದು, ಯಂತ್ರ ನನ್ನದು, ಪ್ಲಗ್ಗು ಇವಳದು. ಇಲಾಖೆಯದ್ದು ಇಲ್ಲೇನೂ ಇಲ್ಲ. ಅಳಿಸಲೇಬೇಕು ಅಂದ್ರೆ ಲಿಖಿತ ಆದೇಶ ಕಳಿಸಿ. ಆವಕದಲ್ಲಿ ನಮೂದಿಸಿ ತಗೋತೀನಿ."

*

ಆದೇಶ ಶುಕ್ರವಾರವೇ ಸಿದ್ಧವಾಯಿತು. ನಿರ್ದೇಶಕರು ಸಹಿ ಮಾಡಿದರು. ಮುಖದ ಮೇಲಿನ ಮಸಿ ತೊಳೆದುಕೊಳ್ಳುವ ಅವಸರದಲ್ಲಿದ್ದ ಮೇಲ್ವಿಚಾರಕರು ಲಕೋಟೆಯ ಮೇಲೆ ತಮ್ಮ ಸ್ವಂತ ಕೈಯಿಂದಲೇ ವಿಳಾಸ ಬರೆದರು. ಕಂಪ್ಯೂಟರಿನ ವ್ಯವಹಾರಕ್ಕೆ ಕಂಪ್ಯೂಟರಿನ ವಿಳಾಸವೇ ಇರಲೆಂದು, ಪಾಠ ಕಲಿತವರ ಗತ್ತಿನಲ್ಲಿ ಬರೆದರು: 127.0.0.1:8000.

ಇಲಾಖೆಯಿಂದ ಹೊರಗೆ ಹೋಗುವ ಪ್ರತಿಯೊಂದು ಲಕೋಟೆಯೂ ರವಾನೆ ವಿಭಾಗದ ಮೂಲಕವೇ ಹೋಗಬೇಕು. ಇದೂ ಬಂತು.

ಠಸ್ಸೆಯವರು ಅಂದು ಗರಿಗರಿಯಾದ ಅಂಗಿ ತೊಟ್ಟಿದ್ದರು. ಈಗ ಅವರು, ಒತ್ತುವ ಮುನ್ನ, ಓದುವ ಅಭ್ಯಾಸ ಮಾಡಿಕೊಂಡಿದ್ದರು. ಲಕೋಟೆಯನ್ನು ಕೈಗೆತ್ತಿಕೊಂಡು ವಿಳಾಸವನ್ನು ಎರಡು ಸಲ ಓದಿದರು. ರಿಜಿಸ್ಟರ್ ತೆರೆದು, ಕ್ರಮಸಂಖ್ಯೆ ಹಾಕಿ, ಷರಾ ಬರೆಯುವ ಅಂಕಣದಲ್ಲಿ ಅಂದವಾದ ಅಕ್ಷರಗಳಲ್ಲಿ ಹೀಗೆ ಬರೆದರು: "ತರಬೇತಿಯ ಪಾಠದ ಪ್ರಕಾರ, ಈ ವಿಳಾಸಕ್ಕೆ ಬರೆದದ್ದು ಬರೆದವರಿಗೇ ಸೇರತಕ್ಕದ್ದು."

ಅನಂತರ ಖಾನೆಯ ಮೂಲೆಯಿಂದ, ಮೂವತ್ತು ವರ್ಷದಲ್ಲಿ ತೀರ ಅಪರೂಪಕ್ಕೆ ಬಳಸಿದ್ದ ಒಂದು ಹಳೆಯ ಠಸ್ಸೆಯನ್ನು ಹುಡುಕಿ ತೆಗೆದರು. ಶಾಯಿಯಲ್ಲಿ ಅದ್ದಿದರು. ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವಂತೆ, ಒಂದೇ ಏಟು ಕೊಟ್ಟರು.

ಕಳುಹಿಸಿದವರಿಗೆ ವಾಪಸ್.